ಹೇಳಿಕೊಂಡ ಮಗುವಿಗೆ ಶಿಕ್ಷೆ ಬೇಡ

ಹದಿಮೂರು, ಹದಿನಾಲ್ಕರ ಮಕ್ಕಳನ್ನು ಬಲೆಗೆ ಕೆಡಹುವ ಆನ್‌ಲೈನ್ ಬ್ಲ್ಯಾಕ್‌ಮೇಲ್ ಬಹುಮಟ್ಟಿಗೆ ಒಂದೇ ದಾರಿಯಲ್ಲಿ ಸಾಗುತ್ತದೆ. ಇನ್‌ಸ್ಟಾಗ್ರಾಮ್‌ನಲ್ಲೋ ಯಾವುದೋ ಆಟದ ಚಾಟ್‌ನಲ್ಲೋ ಹೊಸ ಪರಿಚಯವಾಗುತ್ತದೆ. ಪ್ರೊಫೈಲ್ ಚಿತ್ರದಲ್ಲಿ ಮಗುವಿನದೇ ವಯಸ್ಸಿನ ಹುಡುಗ ಅಥವಾ ಹುಡುಗಿ. ಕೆಲವು ದಿನ ಶಾಲೆ, ಸಿನಿಮಾ, ಕ್ರಿಕೆಟ್ಟಿನ ಹರಟೆ. ಆಮೇಲೆ ಮಾತು ಬೇರೊಂದು ಆ್ಯಪ್‌ಗೆ ದಾಟುತ್ತದೆ. ಒಂದು ಫೋಟೊ ಕಳಿಸೆಂಬ ಒತ್ತಾಯ ಶುರುವಾಗುತ್ತದೆ. ಫೋಟೊ ಕೈಸೇರಿದ ಮೇಲೆ ದನಿಯೇ ಬೇರೆ. ದುಡ್ಡು ಹಾಕು, ಇಲ್ಲವೇ ಇನ್ನಷ್ಟು ಫೋಟೊ ಕಳಿಸು; ಎರಡೂ ಆಗದಿದ್ದರೆ ನಿನ್ನ ಅಪ್ಪನಿಗೂ ಕ್ಲಾಸಿನವರಿಗೂ ಇದನ್ನು ತಲುಪಿಸುತ್ತೇನೆ ಎಂಬ ಬೆದರಿಕೆ. ಫೋಟೊ ಕಳಿಸದ ಮಗುವೂ ಇದರಿಂದ ಹೊರಗಿಲ್ಲ. ಶಾಲಾ ವಾರ್ಷಿಕೋತ್ಸವದ ಚಿತ್ರದಿಂದ ಮುಖವನ್ನೆತ್ತಿ ಬೆತ್ತಲೆ ದೇಹಕ್ಕೆ ಕೂಡಿಸುವ ಆ್ಯಪ್‌ಗಳು ಈಗ ಯಾರಿಗೆ ಬೇಕಾದರೂ ಸಿಗುತ್ತವೆ.

ಈ ಅಪರಾಧ ನಿಂತಿರುವುದು ಮಗುವಿನ ಮೌನದ ಮೇಲೆ. ಮನೆಯಲ್ಲಿ ಹೇಳಿದರೆ ಮೊದಲ ಏಟು ತನಗೇ ಬೀಳುತ್ತದೆ, ಫೋನ್ ಹೋಗುತ್ತದೆ, ಹುಡುಗಿಯಾದರೆ ಓದೇ ನಿಂತುಹೋಗಬಹುದು ಎಂಬುದು ಮಗುವಿಗೆ ಗೊತ್ತು. ಬೆದರಿಸುವವನಿಗೂ ಅದು ಚೆನ್ನಾಗಿ ಗೊತ್ತು. ಅಪ್ಪನಿಗೆ ಹೇಳುತ್ತೇನೆ ಎಂಬ ಮಾತು ಮಗುವನ್ನು ನಡುಗಿಸುತ್ತದೆ ಎಂದರೆ, ಅಪರಿಚಿತನೊಬ್ಬ ನಮ್ಮ ಸಿಟ್ಟನ್ನೇ ನಮ್ಮ ಮಕ್ಕಳ ಮೇಲೆ ಆಯುಧವಾಗಿ ಬಳಸುತ್ತಿದ್ದಾನೆ ಎಂದೇ ಅರ್ಥ. ಆ ಆಯುಧವನ್ನು ಅವನ ಕೈಯಿಂದ ಕಿತ್ತುಕೊಳ್ಳಲು ಯಾವ ಹೊಸ ತಂತ್ರಜ್ಞಾನವೂ ಬೇಕಾಗಿಲ್ಲ.

ಮಕ್ಕಳ ಆನ್‌ಲೈನ್ ಸುರಕ್ಷತೆಯ ಚರ್ಚೆ ನಮ್ಮಲ್ಲಿ ಎರಡು ತುದಿಗಳ ನಡುವೆ ತೂಗಾಡುತ್ತಿದೆ. ಫೋನ್ ಕಸಿದುಕೊಳ್ಳಿ ಎನ್ನುವವರು ಒಂದು ಕಡೆ, ಕಾಲವೇ ಹಾಗಿದೆ ಎಂದು ಕೈಚೆಲ್ಲಿದವರು ಇನ್ನೊಂದು ಕಡೆ. ಮಗುವಿನ ಪಾಲಿಗೆ ಇಬ್ಬರೂ ಒಂದೇ, ಏಕೆಂದರೆ ತೊಂದರೆಯಲ್ಲಿರುವ ಮಗು ಇಬ್ಬರ ಬಳಿಗೂ ಬರುವುದಿಲ್ಲ. ನನ್ನ ವಾದ ಇಷ್ಟೇ: ಕಾನೂನು, ಫಿಲ್ಟರು, ವಯಸ್ಸಿನ ಮಿತಿ ಎಲ್ಲವೂ ಬೇಕು. ಆದರೆ ಹೇಳಿಕೊಂಡ ಮಗುವಿಗೆ ಶಿಕ್ಷೆಯಿಲ್ಲ ಎಂಬ ಭರವಸೆ ಮನೆಯಲ್ಲೂ ಶಾಲೆಯಲ್ಲೂ ಇಲ್ಲದಿದ್ದರೆ ಇವು ಯಾವುವೂ ಮಗುವಿನವರೆಗೆ ತಲುಪುವುದಿಲ್ಲ. ಡಿಜಿಟಲ್ ಸಾಕ್ಷರತೆಯ ಮೊದಲ ಪಾಠ ಆ ಭರವಸೆಯೇ ಆಗಬೇಕು.

ಮಕ್ಕಳು ಈಗ ಎಲ್ಲಿದ್ದಾರೆ ಎಂಬುದನ್ನು ಮೊದಲು ನೋಡೋಣ. ‘ಪ್ರಥಮ್’ ಸಂಸ್ಥೆಯ ‘ಅಸರ್’ 2024ರ ಸಮೀಕ್ಷೆ ಗ್ರಾಮೀಣ ಭಾರತದ 14ರಿಂದ 16 ವರ್ಷದ ಮಕ್ಕಳನ್ನು ಮಾತಾಡಿಸಿತು. ಸುಮಾರು ಶೇ 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇದೆ. ಶೇ 82ರಷ್ಟು ಮಕ್ಕಳಿಗೆ ಅದನ್ನು ಬಳಸಲು ಬರುತ್ತದೆ. ಬಳಸಬಲ್ಲವರಲ್ಲಿ ಶೇ 57ರಷ್ಟು ಮಂದಿ ಹಿಂದಿನ ವಾರ ಓದಿಗೆ ಸಂಬಂಧಿಸಿದ ಕೆಲಸಕ್ಕೆ ಫೋನ್ ಹಿಡಿದಿದ್ದರು. ಸಾಮಾಜಿಕ ಜಾಲತಾಣಕ್ಕಾಗಿ ಹಿಡಿದವರು ಶೇ 76. ಜಾಲತಾಣ ಬಳಸುವವರಲ್ಲಿ ಒಂದು ಪ್ರೊಫೈಲನ್ನು ಬ್ಲಾಕ್ ಮಾಡಲು ಅಥವಾ ದೂರು ಕೊಡಲು ತಿಳಿದವರು ಶೇ 62, ತಮ್ಮ ಪ್ರೊಫೈಲನ್ನು ಖಾಸಗಿಯಾಗಿಡಲು ತಿಳಿದವರು ಶೇ 55, ಪಾಸ್‌ವರ್ಡ್ ಬದಲಿಸಲು ಬರುವವರು ಶೇ 58ರ ಆಸುಪಾಸು. ಇದು ಪಟ್ಟಣದ ಶ್ರೀಮಂತ ಮನೆಗಳ ಕತೆಯಲ್ಲ, ಹಳ್ಳಿಗಳದು. ಜಾಲತಾಣದಲ್ಲಿರುವ ಹತ್ತು ಮಕ್ಕಳಲ್ಲಿ ಸುಮಾರು ನಾಲ್ವರಿಗೆ, ತಮ್ಮನ್ನು ಕಾಡುವವನನ್ನು ತಡೆಯುವ ಗುಂಡಿ ಎಲ್ಲಿದೆ ಎಂಬುದೂ ಗೊತ್ತಿಲ್ಲ.

ಆ ಫೋನು ಮಕ್ಕಳ ಕೈಗೆ ಬಂದದ್ದು ಅವರ ಹಟದಿಂದ ಮಾತ್ರವಲ್ಲ. 2020ರಲ್ಲಿ ಶಾಲೆಗಳು ಮುಚ್ಚಿದಾಗ ಕರ್ನಾಟಕದ ಶಿಕ್ಷಕರು ‘ವಿದ್ಯಾಗಮ’ ಯೋಜನೆಯಡಿ ಮರದ ಕೆಳಗೆ, ದೇವಸ್ಥಾನದ ಜಗುಲಿಯಲ್ಲಿ ಪಾಠ ಮಾಡಿದರು, ದೂರದರ್ಶನದ ಚಂದನದಲ್ಲಿ ‘ಸಂವೇದ’ ಪಾಠಗಳು ಬಂದವು. ಅದರ ಜೊತೆಗೆ ತರಗತಿಗೊಂದು ವಾಟ್ಸ್‌ಆ್ಯಪ್ ಗುಂಪೂ ಹುಟ್ಟಿಕೊಂಡಿತು. ಸಾಲ ಮಾಡಿ ಫೋನ್ ಕೊಂಡ ಮನೆಗಳಿದ್ದವು. ಶಾಲೆ ತೆರೆದ ಮೇಲೂ ಆ ಗುಂಪುಗಳು ಉಳಿದವು, ಹೋಮ್‌ವರ್ಕು ಇಂದಿಗೂ ಅಲ್ಲಿಗೇ ಬರುತ್ತದೆ. ಹೀಗೆ ಸರ್ಕಾರ, ಶಾಲೆ, ಮನೆ ಸೇರಿ ಒಂದು ತಲೆಮಾರನ್ನು ಅಂತರ್ಜಾಲಕ್ಕೆ ಕರೆದೊಯ್ದೆವು. ಅಲ್ಲಿ ಹೇಗಿರಬೇಕು ಎಂದು ಹೇಳಿಕೊಡುವ ಕೆಲಸ ಮಾತ್ರ ಬಾಕಿ ಉಳಿಯಿತು. ಆ ಬಾಕಿಯ ಹೊಣೆಯನ್ನು ಈಗ ಮಕ್ಕಳ ತಲೆಗೆ ಕಟ್ಟುವುದು ನ್ಯಾಯವಲ್ಲ.

ನಿಷೇಧದ ಪರವಾಗಿರುವ ವಾದವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆಸ್ಟ್ರೇಲಿಯಾ 2024ರ ನವೆಂಬರಿನಲ್ಲಿ ಕಾಯ್ದೆ ಮಾಡಿ, 2025ರ ಡಿಸೆಂಬರ್ 10ರಿಂದ 16 ತುಂಬದ ಮಕ್ಕಳಿಗೆ ಪ್ರಮುಖ ಸಾಮಾಜಿಕ ಜಾಲತಾಣಗಳಲ್ಲಿ ಖಾತೆ ಇಲ್ಲದಂತೆ ಮಾಡಿದೆ. ತಪ್ಪುವ ಕಂಪನಿಗೆ 4.95 ಕೋಟಿ ಆಸ್ಟ್ರೇಲಿಯನ್ ಡಾಲರ್‌ವರೆಗೆ ದಂಡ. ಮಗುವಿಗಾಗಲಿ ಪೋಷಕರಿಗಾಗಲಿ ದಂಡವಿಲ್ಲ. ನಮ್ಮ ಕರ್ನಾಟಕ ಹೈಕೋರ್ಟ್‌ನ ವಿಭಾಗೀಯ ಪೀಠವೂ 2023ರ ಸೆಪ್ಟೆಂಬರಿನಲ್ಲಿ, ಎಕ್ಸ್ ಕಂಪನಿಯ ಮೇಲ್ಮನವಿಯ ವಿಚಾರಣೆ ವೇಳೆ, ಶಾಲಾ ಮಕ್ಕಳಿಗೆ ಜಾಲತಾಣ ಬೇಡವೆಂದರೆ ಒಳ್ಳೆಯದು ಎಂಬ ಅಭಿಪ್ರಾಯವನ್ನು ಮೌಖಿಕವಾಗಿ ವ್ಯಕ್ತಪಡಿಸಿತ್ತು. ಈ ನಿಲುವಿನಲ್ಲಿ ಒಂದು ದೊಡ್ಡ ಸತ್ಯವಿದೆ. ಕಣ್ಣು ತೆಗೆಯಲಾಗದಂತೆ ರೂಪಿಸಿದ ರೀಲುಗಳ ಮುಂದೆ ಹನ್ನೆರಡರ ಮಗುವನ್ನು ಕೂರಿಸಿ, ನಿನಗೆ ಸಂಯಮವಿಲ್ಲ ಎಂದು ಬೈಯುವುದು ಅನ್ಯಾಯ. ಹೊಣೆಯನ್ನು ಕಂಪನಿಯ ಮೇಲೆ ಹಾಕುವ ಕಾನೂನು ಆ ಮಟ್ಟಿಗೆ ಸರಿಯಾದ ಕಾನೂನು.

ಆದರೆ ಅದರ ಮಿತಿಯೂ ಅಷ್ಟೇ ಸ್ಪಷ್ಟ. ಆಸ್ಟ್ರೇಲಿಯಾದ ಕಾಯ್ದೆ ಸಂದೇಶ ಕಳಿಸುವ ಆ್ಯಪ್‌ಗಳನ್ನೂ ಆನ್‌ಲೈನ್ ಆಟಗಳನ್ನೂ ಹೊರಗಿಟ್ಟಿದೆ. ಬೆದರಿಕೆ ಕುದುರುವುದು ಬಹುಪಾಲು ಆ ಖಾಸಗಿ ಚಾಟ್‌ಗಳಲ್ಲೇ. ನಮ್ಮ ಮನೆಗಳಲ್ಲಂತೂ ಒಂದೇ ಫೋನು ಅಪ್ಪ, ಅಮ್ಮ, ಅಣ್ಣ, ತಂಗಿ ಎಲ್ಲರ ಕೈಯಲ್ಲಿ ತಿರುಗುತ್ತದೆ. ಖಾತೆ ಅಪ್ಪನ ಹೆಸರಿನಲ್ಲಿರುತ್ತದೆ, ನೋಡುವುದು ಮಗು. ವಯಸ್ಸು ಅಳೆಯುವ ತಂತ್ರಾಂಶಕ್ಕೆ ಅಲ್ಲಿ ಕಾಣುವುದು ನಲವತ್ತರ ಗಂಡಸು. ಇದಕ್ಕಿಂತ ಮುಖ್ಯವಾದುದು ಇನ್ನೊಂದಿದೆ. ನಿಷೇಧ ಮುರಿದು ಒಳಹೊಕ್ಕ ಮಗುವಿಗೆ ತೊಂದರೆಯಾದರೆ ಮುಚ್ಚಿಡಲು ಇನ್ನೊಂದು ಕಾರಣ ಸಿಕ್ಕಿತು. ಇರಬಾರದ ಜಾಗದಲ್ಲಿದ್ದೆ ಎಂಬ ತಪ್ಪಿತಸ್ಥ ಭಾವ ಅದರ ಬಾಯಿ ಕಟ್ಟುತ್ತದೆ. ವಯಸ್ಸಿನ ಮಿತಿ ತಂದರೂ, ಮಿತಿ ಮೀರಿದ ಮಗು ನಿರ್ಭಯವಾಗಿ ಬಂದು ಹೇಳಬಹುದಾದ ಜಾಗವನ್ನು ಮೊದಲು ಕಟ್ಟಬೇಕು ಎನ್ನುವುದು ಅದಕ್ಕೇ.

ಪೋಷಕರ ಒಪ್ಪಿಗೆಯ ವಿಷಯವೂ ಹೀಗೆಯೇ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ತುಂಬದ ಎಲ್ಲರನ್ನೂ ಮಕ್ಕಳೆಂದು ಪರಿಗಣಿಸುತ್ತದೆ. ಅವರ ದತ್ತಾಂಶ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು; ಮಕ್ಕಳ ಹಿಂದೆ ಬಿದ್ದು ಅವರ ನಡವಳಿಕೆ ಗಮನಿಸುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ಸಲ್ಲದು; ತಪ್ಪಿದರೆ 200 ಕೋಟಿ ರೂಪಾಯಿವರೆಗೆ ದಂಡ. ನಿಯಮಗಳು ಹೊರಬಿದ್ದದ್ದು 2025ರ ನವೆಂಬರಿನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳಿಗೆ ಅವುಗಳಲ್ಲಿ 18 ತಿಂಗಳ ಕಾಲಾವಕಾಶ ಕೊಡಲಾಗಿದೆ. ಒಳ್ಳೆಯ ಕಾಯ್ದೆ. ಆದರೆ ಒಟಿಪಿ ಓದಿ ಹೇಳುವವರು, ಯುಪಿಐ ಹೊಂದಿಸಿಕೊಡುವವರು ಮಕ್ಕಳೇ ಆಗಿರುವ ಮನೆಗಳು ನಮ್ಮಲ್ಲಿ ಎಷ್ಟೋ ಇವೆ. ಅಲ್ಲಿ ಪೋಷಕರ ಒಪ್ಪಿಗೆಯ ಗುಂಡಿಯನ್ನು ಒತ್ತುವ ಬೆರಳು ಮಗುವಿನದೇ. ಕಾಯ್ದೆ ಅಮ್ಮನ ಮೇಲೆ ಇಟ್ಟ ನಂಬಿಕೆ ಫಲಿಸಬೇಕಾದರೆ, ತಾನು ಯಾವುದಕ್ಕೆ ಒಪ್ಪುತ್ತಿದ್ದೇನೆ ಎಂಬುದು ಆ ಅಮ್ಮನಿಗೂ ತಿಳಿಯಬೇಕು.

ಸ್ಪೇನಿನ ಆಲ್ಮೆಂದ್ರಾಲೆಹೊ ಎಂಬ ಸಣ್ಣ ಊರಿನಲ್ಲಿ 2023ರ ಸೆಪ್ಟೆಂಬರಿನಲ್ಲಿ ನಡೆದದ್ದು ಈ ವಿಷಯದಲ್ಲಿ ಒಂದು ದಾರಿ ತೋರಿಸುತ್ತದೆ. ಶಾಲೆಗೆ ಹೋಗುವ ಹುಡುಗಿಯರ ಸಾಧಾರಣ ಚಿತ್ರಗಳನ್ನು ಕೃತಕ ಬುದ್ಧಿಮತ್ತೆಯ ಆ್ಯಪ್ ಒಂದರಿಂದ ಬೆತ್ತಲೆಯಾಗಿಸಿ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿಯಬಿಡಲಾಯಿತು. ಮಾಡಿದವರು ಅದೇ ಊರಿನ, ಅದೇ ವಯಸ್ಸಿನ ಹುಡುಗರು. ವೃತ್ತಿಯಿಂದ ವೈದ್ಯೆಯಾಗಿದ್ದ ಒಬ್ಬ ಹುಡುಗಿಯ ತಾಯಿ ಜಾಲತಾಣದಲ್ಲೇ ಎಲ್ಲರ ಮುಂದೆ ಬಂದು, ಇದರಲ್ಲಿ ಹುಡುಗಿಯರ ತಪ್ಪೇನೂ ಇಲ್ಲ, ಹೇಳಿಕೊಳ್ಳಲು ಹೆದರಬೇಡಿ ಎಂದರು. ಇತರ ತಾಯಂದಿರೂ ಜೊತೆಗೂಡಿದರು, ದೂರುಗಳು ದಾಖಲಾದವು. 2024ರ ಜುಲೈನಲ್ಲಿ ಬಾಲ ನ್ಯಾಯಾಲಯ 15 ಮಂದಿ ಅಪ್ರಾಪ್ತರಿಗೆ ಒಂದು ವರ್ಷದ ನಿಗಾ ವಿಧಿಸಿ, ಲಿಂಗ ಸಮಾನತೆ ಮತ್ತು ತಂತ್ರಜ್ಞಾನದ ಹೊಣೆಯುತ ಬಳಕೆಯ ತರಗತಿಗಳಿಗೆ ಹಾಜರಾಗುವಂತೆ ಆದೇಶಿಸಿತು. ಒಬ್ಬ ತಾಯಿ ಮಗಳ ಮೇಲೆ ಸಿಟ್ಟಾಗದೆ ಅವಳ ಪಕ್ಕದಲ್ಲಿ ನಿಂತದ್ದರಿಂದ ಇಡೀ ಊರಿನ ಹುಡುಗಿಯರಿಗೆ ಬಾಯಿ ಬಂತು. ಆ ಹುಡುಗರಿಗೆ ನ್ಯಾಯಾಲಯ ಕೊನೆಗೆ ಹೇಳಿಸಿದ ಪಾಠವನ್ನು ಶಾಲೆ ಮೊದಲೇ ಹೇಳಬಹುದಿತ್ತು ಎಂಬುದೂ ಅಷ್ಟೇ ನಿಜ.

ನಮ್ಮ ಕಾನೂನು ಮಗುವಿನ ಪರವಾಗಿಯೇ ಇದೆ. ಅದನ್ನು ಮಗುವಿಗೆ ಹೇಳಿದವರು ಕಡಿಮೆ. 18 ತುಂಬದವರ ಲೈಂಗಿಕ ಚಿತ್ರಗಳನ್ನು ಮಾಡುವುದು, ನೋಡುವುದು, ಹಂಚುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ಬಿ ಸೆಕ್ಷನ್‌ನಡಿ ಅಪರಾಧ; ಮೊದಲ ಬಾರಿಗೇ ಐದು ವರ್ಷದವರೆಗೆ ಸೆರೆ, 10 ಲಕ್ಷ ರೂಪಾಯಿವರೆಗೆ ದಂಡ ಇದೆ. ಇಂಥ ಚಿತ್ರಗಳನ್ನು ಬೇಕೆಂದೇ ನೋಡುವುದೂ ಇಟ್ಟುಕೊಳ್ಳುವುದೂ ಶಿಕ್ಷಾರ್ಹವಾಗಬಹುದು ಎಂದು ಸುಪ್ರೀಂ ಕೋರ್ಟ್ 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಖಚಿತಪಡಿಸಿದೆ. ಆ್ಯಪ್ ಕಂಪನಿಗಳಿಗೆ 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಬಂದಾಗಲೇ, ಬೆತ್ತಲೆ ಚಿತ್ರ ಅಥವಾ ತಿರುಚಿದ ಚಿತ್ರದ ಬಗ್ಗೆ ನೊಂದವರು ದೂರಿದರೆ 24 ಗಂಟೆಯೊಳಗೆ ತೆಗೆಯಬೇಕೆಂಬ ಗಡುವು ಬಂತು. ‘ಟೇಕ್ ಇಟ್ ಡೌನ್’ ಎಂಬ ಅಂತರರಾಷ್ಟ್ರೀಯ ಸೇವೆಯಲ್ಲಿ, ಚಿತ್ರವನ್ನು ಯಾರಿಗೂ ತೋರಿಸದೆ, ಹೆಸರನ್ನೂ ಹೇಳದೆ, ಅದರ ಸಂಕೇತವನ್ನಷ್ಟೇ ಕೊಟ್ಟು ಹರಡುವಿಕೆಯನ್ನು ತಡೆಯುವಂತೆ ಕೇಳಬಹುದು. ಗೆಳತಿಯ ಫೋಟೊವನ್ನು ತಮಾಷೆಗೆಂದು ಮುಂದೆ ಕಳಿಸಿದ ಹುಡುಗನೂ ಕಾನೂನಿನ ಕಣ್ಣಿಗೆ ಬೀಳುತ್ತಾನೆ ಎಂಬುದು ಒಂಬತ್ತನೇ ತರಗತಿಯ ಎಷ್ಟು ಹುಡುಗರಿಗೆ ಗೊತ್ತಿದೆ? ತನ್ನ ಪರವಾಗಿ ಇಷ್ಟೆಲ್ಲ ಇದೆ ಎಂಬುದು ಎಷ್ಟು ಹುಡುಗಿಯರಿಗೆ ಗೊತ್ತಿದೆ?

ಹಾಗಾದರೆ ಡಿಜಿಟಲ್ ಸಾಕ್ಷರತೆ ಎಂದರೇನು? ಕಂಪ್ಯೂಟರ್ ಕೋಣೆಯಲ್ಲಿ ಕೀಬೋರ್ಡಿನ ಭಾಗಗಳನ್ನು ಬಾಯಿಪಾಠ ಮಾಡಿಸುವುದು ಅದಾಗಲಾರದು. ಮಗುವಿಗೆ ಮೂರು ಶಕ್ತಿಗಳು ಬರಬೇಕು: ತನ್ನನ್ನು ಕಾಯ್ದುಕೊಳ್ಳುವುದು, ಕಂಡದ್ದನ್ನು ಪರೀಕ್ಷಿಸುವುದು, ಕಷ್ಟ ಬಂದಾಗ ಹೇಳುವುದು. ಮೊದಲನೆಯದನ್ನು ಫೋನ್ ಕೈಯಲ್ಲಿ ಹಿಡಿದೇ ಕಲಿಯಬೇಕು. ಖಾತೆಯನ್ನು ಖಾಸಗಿಯಾಗಿಡುವುದು, ಗುರುತಿಲ್ಲದವರ ಸಂದೇಶ ತಡೆಯುವುದು, ಎರಡು ಹಂತದ ಭದ್ರತೆ ಹಾಕುವುದು, ಆಟದಲ್ಲಿ ಉಚಿತ ವಜ್ರ, ನಾಣ್ಯ ಕೊಡುತ್ತೇವೆನ್ನುವ ಕೊಂಡಿಯನ್ನು ಒತ್ತದಿರುವುದು, ಇವೆಲ್ಲ ಮಾಡಿ ಕಲಿಯುವ ಕೆಲಸಗಳು. ಕನ್ನಡ ಮಾಧ್ಯಮದ ಮಗು ಇಂಗ್ಲಿಷಿನ ಸೆಟ್ಟಿಂಗ್ಸ್ ಪುಟದಲ್ಲಿ ಕಳೆದುಹೋಗುತ್ತದೆ. ಆ್ಯಪ್‌ನ ಭಾಷೆಯನ್ನು ಕನ್ನಡಕ್ಕೆ ಬದಲಿಸುವುದೇ ಎಷ್ಟೋ ಮಕ್ಕಳ ಪಾಲಿಗೆ ಮೊದಲ ಸುರಕ್ಷತಾ ಕ್ರಮವಾದೀತು.

ಎರಡನೆಯ ಶಕ್ತಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು 2018ರಲ್ಲಿ ದೊಡ್ಡವರೇ ತೋರಿಸಿಕೊಟ್ಟರು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಒಂದು ಆ ವರ್ಷ ದೇಶದ ಉದ್ದಗಲಕ್ಕೂ ಹರಿದಾಡಿತು. ಅದು ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಯ ಅರಿವು ಮೂಡಿಸಲೆಂದೇ ಮಾಡಿದ ಪ್ರಚಾರಚಿತ್ರ. ಸವಾರರು ಮಗುವನ್ನು ಮರಳಿಸಿ ಸಂದೇಶ ತೋರಿಸುವ ಕೊನೆಯ ಭಾಗವನ್ನು ಯಾರೋ ಕತ್ತರಿಸಿದ್ದರು. ಮಕ್ಕಳ ಕಳ್ಳರ ವದಂತಿ ಹಬ್ಬಿದ ಆ ದಿನಗಳಲ್ಲಿ, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದ ಯುವಕನೊಬ್ಬನನ್ನೂ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನೂ ಗುಂಪುಗಳು ಹೊಡೆದು ಕೊಂದವು. ಬೀದರಿನಲ್ಲಿ ಸಂದೇಹಕ್ಕೆ ಕಾರಣವಾದದ್ದು ಶಾಲಾ ಮಕ್ಕಳಿಗೆ ಚಾಕೊಲೇಟ್ ಕೊಟ್ಟದ್ದು. ಇದು ಎಲ್ಲಿಂದ ಬಂತು, ಯಾವಾಗಿನದು, ಪೂರ್ತಿ ಇದೆಯೇ, ಇದರಿಂದ ಯಾರಿಗೆ ಕೇಡಾಗಬಹುದು ಎಂಬ ನಾಲ್ಕು ಪ್ರಶ್ನೆಗಳನ್ನು ಕೇಳುವ ಅಭ್ಯಾಸ ಜೀವ ಉಳಿಸುವಂಥದ್ದು. ಇಂದಿನ ಮಕ್ಕಳ ಮುಂದೆ ಕೃತಕ ಬುದ್ಧಿಮತ್ತೆ ಸೃಷ್ಟಿಸಿದ ಮುಖ, ದನಿ, ವಿಡಿಯೊಗಳಿವೆ. ಆ ಅಭ್ಯಾಸದ ಅಗತ್ಯ ಈಗ ಹತ್ತು ಪಟ್ಟು.

ಇದನ್ನು ಸರ್ಕಾರಿ ಶಾಲೆಗಳಲ್ಲಿ ಕಲಿಸಲು ಸಾಧ್ಯವೇ ಎಂದು ಕೇಳುವವರು ಪಕ್ಕದ ಕೇರಳವನ್ನು ನೋಡಬೇಕು. ಕಣ್ಣೂರು ಜಿಲ್ಲಾಡಳಿತ 2017ರ ಸುಮಾರಿಗೇ ಸರ್ಕಾರಿ ಶಾಲೆಗಳಲ್ಲಿ ‘ಸತ್ಯಮೇವ ಜಯತೇ’ ಎಂಬ ಹೆಸರಿನಲ್ಲಿ ಸುಳ್ಳುಸುದ್ದಿ ಗುರುತಿಸುವ ತರಗತಿಗಳನ್ನು ಶುರುಮಾಡಿತು. ಆಮೇಲೆ ಶಾಲೆಗಳ ತಂತ್ರಜ್ಞಾನ ನೋಡಿಕೊಳ್ಳುವ ರಾಜ್ಯದ ‘ಕೈಟ್’ ಸಂಸ್ಥೆ ಅದನ್ನು ಇಡೀ ಕೇರಳದ ಶಾಲೆಗಳಿಗೆ ಒಯ್ದಿತು. ಹೈಸ್ಕೂಲುಗಳಲ್ಲಿ ‘ಲಿಟಲ್ ಕೈಟ್ಸ್’ ಎಂಬ ವಿದ್ಯಾರ್ಥಿ ತಂಡಗಳಿವೆ. 2022ರಲ್ಲಿ ಈ ತಂಡಗಳ ಮೂಲಕವೇ ತಾಯಂದಿರಿಗೆ ಸೈಬರ್ ಸುರಕ್ಷತೆಯ ತರಬೇತಿ ನಡೆಯಿತು. ಮಕ್ಕಳು ಅಮ್ಮಂದಿರಿಗೆ ಕಲಿಸಿದ ಈ ಕ್ರಮ ನನಗೆ ಬಹಳ ಮುಖ್ಯವೆನಿಸುತ್ತದೆ. ಅಮ್ಮನ ಜೊತೆ ಕುಳಿತು ಮೋಸದ ಸಂದೇಶವನ್ನು ಬಿಡಿಸಿ ತೋರಿಸಿದ ಮಗುವಿಗೆ, ನಾಳೆ ತನಗೇ ಅಂಥದೊಂದು ಸಂದೇಶ ಬಂದರೆ ಅಮ್ಮನ ಬಳಿ ಬಾಯಿಬಿಡುವುದು ಸುಲಭ. ಮಾತಿನ ದಾರಿ ಅಲ್ಲಿ ಆಗಲೇ ತೆರೆದಿರುತ್ತದೆ.

ಕರ್ನಾಟಕದಲ್ಲಿ ಇದಕ್ಕೆ ಬೇಕಾದ ವೇದಿಕೆಗಳು ಆಗಲೇ ಇವೆ. ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ನಡೆಸುವ ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಶೌಚಾಲಯ, ಕಾಂಪೌಂಡು, ಬಸ್ಸಿನ ಬಗ್ಗೆ ದಿಟ್ಟವಾಗಿ ಕೇಳುತ್ತಾರೆ. ಫೋನಿನಲ್ಲಿ ತಮಗಾಗುವ ಕಾಟದ ಬಗ್ಗೆಯೂ ಅಲ್ಲಿ ಕೇಳುವಂತಾಗಲಿ. ಪೊಲೀಸ್ ಠಾಣೆಗಳ ‘ತೆರೆದ ಮನೆ’ ಕಾರ್ಯಕ್ರಮದಲ್ಲಿ ಸೈಬರ್ ದೂರು ಬರೆಯುವುದು ಹೇಗೆಂದು ಮಾಡಿ ತೋರಿಸಲಿ. ಪಂಚಾಯಿತಿಯ ಅರಿವು ಕೇಂದ್ರಗಳಲ್ಲಿರುವ ಕಂಪ್ಯೂಟರುಗಳ ಮುಂದೆ ಸಂಜೆ ಹೊತ್ತು ತಾಯಂದಿರೂ ಮಕ್ಕಳೂ ಒಟ್ಟಿಗೆ ಕೂರಲಿ. ಶಾಲೆಯಲ್ಲಿ ಒಬ್ಬ ಶಿಕ್ಷಕಿ, ಒಬ್ಬ ಶಿಕ್ಷಕ ಈ ಕೆಲಸಕ್ಕೆಂದೇ ಗೊತ್ತಾಗಿದ್ದು, ಅವರ ಹೆಸರು ಪ್ರತಿ ತರಗತಿಯ ಗೋಡೆಯ ಮೇಲಿರಲಿ. ಅವರಿಗೆ ತರಬೇತಿಯೂ ಬಿಡುವಿನ ಪೀರಿಯಡ್ಡೂ ಸಿಗಬೇಕು. ಬಿಸಿಯೂಟದಿಂದ ಗಣತಿಯವರೆಗೆ ಹೊರೆ ಹೊತ್ತ ಶಿಕ್ಷಕರ ಮೇಲೆ ಇನ್ನೊಂದು ಸುತ್ತೋಲೆ ಹೇರಿದರೆ ಮಕ್ಕಳಿಗೆ ಸಿಗುವುದು ಒಂದು ಭಾಷಣ ಮಾತ್ರ.

ಮೂರನೆಯ ಶಕ್ತಿ ಹೇಳುವುದು. ಮಗು ಬಂದು ಹೇಳಿದ ಆ ಮೊದಲ ಗಂಟೆಯಲ್ಲಿ ಏನು ಮಾಡಬೇಕು ಎಂಬುದು ಪ್ರತಿ ಮನೆಗೂ ಗೊತ್ತಿರಬೇಕು. ಹೇಳಿದ್ದು ಒಳ್ಳೆಯದಾಯಿತು ಎಂಬುದೇ ದೊಡ್ಡವರ ಮೊದಲ ಮಾತಾಗಲಿ. ದುಡ್ಡು ಕೊಡಬಾರದು, ಕೊಟ್ಟರೆ ಬೇಡಿಕೆ ಹೆಚ್ಚುತ್ತದೆ. ಗಾಬರಿಯಲ್ಲಿ ಚಾಟ್ ಅಳಿಸಬಾರದು. ಬೆದರಿಕೆಯ ಸಂದೇಶ, ಪ್ರೊಫೈಲ್ ಹೆಸರು, ಫೋನ್ ನಂಬರು, ಹಣ ಕೇಳಿದ ಯುಪಿಐ ವಿಳಾಸಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟು ಆಮೇಲೆ ಬ್ಲಾಕ್ ಮಾಡಬೇಕು, ಆ್ಯಪ್‌ಗೆ ದೂರು ಕೊಡಬೇಕು. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ. ಮಗುವಿಗೆ ನೆರವು ಬೇಕಿದ್ದರೆ ಮಕ್ಕಳ ಸಹಾಯವಾಣಿ 1098. ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಮಹಿಳೆಯರ ಮತ್ತು ಮಕ್ಕಳ ವಿರುದ್ಧದ ಅಪರಾಧಗಳಿಗೆ ಹೆಸರು ಹೇಳದೆಯೂ ದೂರು ಕೊಡಬಹುದು. ಶಿಕ್ಷಕರು ಒಂದು ಎಚ್ಚರ ವಹಿಸಬೇಕು. ಯಾರಿಗೂ ಹೇಳುವುದಿಲ್ಲ ಎಂದು ಮಗುವಿಗೆ ಮಾತು ಕೊಡಬಾರದು, ಏಕೆಂದರೆ ಮಕ್ಕಳ ಮೇಲಿನ ಲೈಂಗಿಕ ಅಪರಾಧ ತಿಳಿದೂ ವರದಿ ಮಾಡದಿರುವುದು ಪೋಕ್ಸೊ ಕಾಯ್ದೆಯಡಿ ಅಪರಾಧ. ಸಹಾಯ ಮಾಡಬಲ್ಲವರಿಗೆ ಮಾತ್ರ ಹೇಳುತ್ತೇನೆ, ನಿನಗೆ ತಿಳಿಸಿಯೇ ಹೇಳುತ್ತೇನೆ ಎಂಬುದು ಉಳಿಸಿಕೊಳ್ಳಬಹುದಾದ ಮಾತು. ಶಾಲೆಯ ಮರ್ಯಾದೆ ಉಳಿಸಲೆಂದು ವಿಷಯ ಮುಚ್ಚಿಹಾಕುವುದು ಮಗುವಿಗೆ ಮಾಡುವ ಎರಡನೇ ಗಾಯ.

ದೊಡ್ಡವರ ನಡತೆಯೂ ಇಲ್ಲಿ ಪಾಠವೇ. ಮಕ್ಕಳ ಕುಣಿತವನ್ನು ರೀಲು ಮಾಡಿ ಹಾಕುವ ಶಾಲೆ, ತಪ್ಪು ಉತ್ತರ ಹೇಳಿದ ಮಗುವಿನ ವಿಡಿಯೊ ಹಂಚಿ ನಗಿಸುವವರು, ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ನೋಂದಣಿ ಸಂಖ್ಯೆ ಸಮೇತ ಸ್ಟೇಟಸ್‌ಗೆ ಹಾಕುವ ಪೋಷಕರು, ಎಲ್ಲರೂ ಮಗುವಿನ ಒಪ್ಪಿಗೆ ಬೇಕಿಲ್ಲ ಎಂದು ಮಗುವಿಗೇ ಕಲಿಸುತ್ತಿದ್ದಾರೆ. ನಿನ್ನ ಫೋಟೊ ಹಾಕಲೇ ಎಂದು ಅಪ್ಪನೇ ಕೇಳುವ ಮನೆಯಲ್ಲಿ ಬೆಳೆದ ಹುಡುಗಿಗೆ, ಕೇಳದೆ ಅವಳ ಫೋಟೊ ಹಂಚಿದವನ ತಪ್ಪು ತಟ್ಟನೆ ಕಾಣುತ್ತದೆ. ಅಂಥ ಮನೆಯ ಹುಡುಗ ಇನ್ನೊಬ್ಬಳ ಫೋಟೊ ಹಂಚುವ ಮೊದಲು ಎರಡು ಸಲ ಯೋಚಿಸುತ್ತಾನೆ.

ಶಿಕ್ಷೆಯಿಲ್ಲ ಎಂದರೆ ಮಕ್ಕಳು ಹೆದರಿಕೆಯಿಲ್ಲದೆ ಹಾಳಾಗುತ್ತಾರೆ ಎಂಬ ಆಕ್ಷೇಪ ಬಂದೇ ಬರುತ್ತದೆ. ನಾನು ಕೇಳುತ್ತಿರುವುದು ಮಿತಿಯಿಲ್ಲದ ಫೋನನ್ನಲ್ಲ. ರಾತ್ರಿ ಮಲಗುವಾಗ ಫೋನು ನಡುಮನೆಯಲ್ಲಿರಲಿ, ಇಂತಿಷ್ಟೇ ಹೊತ್ತು ಎಂಬ ಕಟ್ಟುಪಾಡಿರಲಿ, ಸಣ್ಣ ಮಕ್ಕಳಿಗೆ ಜಾಲತಾಣದ ಖಾತೆಯೇ ಇಲ್ಲದಿರಲಿ. ಇನ್ನೊಬ್ಬರನ್ನು ನೋಯಿಸಿದ ಮಗು ಅದಕ್ಕೆ ಉತ್ತರ ಹೇಳಲೇಬೇಕು. ಆದರೆ ನಿಯಮ ಮುರಿದದ್ದಕ್ಕೆ ಆಗುವ ವಿಚಾರಣೆ ಬೇರೆ, ಸಹಾಯ ಕೇಳಿ ಬಂದ ಹೊತ್ತಿನಲ್ಲಿ ಸಿಗುವ ಉತ್ತರ ಬೇರೆ. ಇವೆರಡನ್ನೂ ನಾವು ಬೆರೆಸಿಬಿಟ್ಟಿದ್ದೇವೆ. ಅದರ ಬೆಲೆ ತೆರುವವರಲ್ಲಿ ಹುಡುಗಿಯರೇ ಮುಂದು. ಅದೇ ‘ಅಸರ್’ ವರದಿಯ ಪ್ರಕಾರ ಫೋನ್ ಬಳಸಬಲ್ಲ ಹುಡುಗರಲ್ಲಿ ಶೇ 36ರಷ್ಟು ಮಂದಿಗೆ ಸ್ವಂತ ಫೋನಿದ್ದರೆ ಹುಡುಗಿಯರಲ್ಲಿ ಅದು ಶೇ 27. ಕಿರುಕುಳದ ಬಗ್ಗೆ ಬಾಯಿಬಿಟ್ಟ ಹುಡುಗಿ ಆ ಫೋನನ್ನೂ, ಅದರ ಜೊತೆ ಓದು, ಅರ್ಜಿ, ವಿದ್ಯಾರ್ಥಿವೇತನದ ಮಾಹಿತಿಯನ್ನೂ ಕಳೆದುಕೊಳ್ಳುವುದಾದರೆ ಶಿಕ್ಷೆಯಾದದ್ದು ನೊಂದವಳಿಗೇ. ಅವಳ ತಂಗಿ ಅದನ್ನು ನೋಡಿ ಸುಮ್ಮನಿರುವುದನ್ನು ಕಲಿಯುತ್ತಾಳೆ.

ಕಂಪನಿಗಳನ್ನು ಹೊಣೆ ಮಾಡುವ ಕಾನೂನು ಜಾರಿಯಾಗಲು ವರ್ಷಗಳು ಹಿಡಿಯುತ್ತವೆ; ಅದಕ್ಕಾಗಿ ಒತ್ತಾಯಿಸುತ್ತಲೇ ಇರಬೇಕು. ಹೇಳಿಕೊಂಡವರಿಗೆ ಶಿಕ್ಷೆಯಿಲ್ಲ ಎಂಬ ನಿಯಮಕ್ಕೆ ಯಾವ ಮಸೂದೆಯೂ ಬೇಕಿಲ್ಲ. ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಒಂದು ಸಭೆ ಅದನ್ನು ತೀರ್ಮಾನಿಸಬಹುದು. ಜೂನ್ ತಿಂಗಳ ಪೋಷಕರ ಸಭೆಯಲ್ಲಿ ಮುಖ್ಯ ಶಿಕ್ಷಕರು ಅದನ್ನು ಮಕ್ಕಳ ಎದುರಿಗೇ ಓದಿ ಹೇಳಬಹುದು. ಪ್ರತಿ ಅಪ್ಪ, ಪ್ರತಿ ಅಮ್ಮ ಈ ಹೊತ್ತೇ ಆ ಮಾತನ್ನು ಮಗುವಿಗೆ ಕೊಡಬಹುದು. ಕೊಟ್ಟ ಮೇಲೆ, ಮಗು ನಿಜವಾಗಿ ಬಂದು ನಮಗೆ ಇಷ್ಟವಾಗದ್ದನ್ನು ಹೇಳಿದ ದಿನ, ಸಿಟ್ಟು ನುಂಗಿ ಆ ಮಾತನ್ನು ಉಳಿಸಿಕೊಳ್ಳಬೇಕು. ಮಕ್ಕಳ ಆನ್‌ಲೈನ್ ಸುರಕ್ಷತೆಗಾಗಿ ದೊಡ್ಡವರು ಕಲಿಯಬೇಕಾದ ಅತ್ಯಂತ ಕಷ್ಟದ ಪಾಠ ಇದೇ. ಅದನ್ನು ನಾವು ಕಲಿಯದೆ ಮಕ್ಕಳಿಗೆ ಬೇರೇನನ್ನು ಕಲಿಸಿದರೂ ಅದು ಅರ್ಧವಾಗಿಯೇ ಉಳಿಯುತ್ತದೆ.